ಹಳೇ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್? ಹಾಕುವ ಮೊದಲು ಪೆನ್‌ಡ್ರೈವಲ್ಲಿ ಓಡಿಸಿ ನೋಡಿ

ಡೊಂಬಿವಲಿ, ಠಾಣೆ, ಘಾಟ್‌ಕೋಪರ್ ಕಡೆ ನಮ್ಮವರು ಯಾರು ಸಿಕ್ಕಿದ್ರೂ ಈಗ ಒಂದೇ ಪ್ರಶ್ನೆ: "ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರೋದಿಲ್ಲಂತೆ, 11 ಹಾಕ್ಲಿಕ್ಕೆ ಹೋದ್ರೆ ಈ ಮಷೀನಿಗೆ ಆಗೋದಿಲ್ಲ ಅಂತದೆ, ಲಿನಕ್ಸ್ ಹಾಕ್ಬಹುದಾ, ಹಾಕಿದ್ರೆ ಯಾವುದು ಒಳ್ಳೇದು?" ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧ ಗಂಟೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡ್ತಾ ಇದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ 8ನೇ ಜನರೇಶನಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹಾಗಾಗಿ 2015-16ರಲ್ಲಿ ತಗೊಂಡ ಲ್ಯಾಪ್‌ಟಾಪುಗಳು, ಲ್ಯಾಮಿಂಗ್ಟನ್ ರೋಡಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡ ಆಫೀಸು ಡೆಸ್ಕ್‌ಟಾಪುಗಳು ಹೆಚ್ಚಿನವು ಈ ಲೆಕ್ಕದಿಂದ ಹೊರಗೆ. ಮಷೀನು ಹಾಳಾಗಿಲ್ಲ, ಸ್ಕ್ರೀನು ಕೀಬೋರ್ಡು ಎಲ್ಲ ಸರಿ ಉಂಟು, ಅಂಥದ್ದನ್ನು ಭಂಗಾರದವನಿಗೆ (ಗುಜರಿಯವನಿಗೆ) ಕೊಡ್ಲಿಕ್ಕೆ ಮನಸ್ಸು ಬರೋದಿಲ್ಲ, ಕೊಡಲೂಬಾರದು.

ಮೊದಲು ಒಂದು ಶಬ್ದ ಬಿಡಿಸಿ ಹೇಳ್ತೇನೆ. ಲಿನಕ್ಸ್ ಅಂದ್ರೆ ನಿಜಕ್ಕೂ ಕರ್ನೆಲ್ ಮಾತ್ರ, ಹಾರ್ಡ್‌ವೇರಿನ ಹತ್ತಿರ ಕೆಲಸ ಮಾಡಿಸುವ ಒಳಗಿನ ಭಾಗ, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಅದರ ಮೇಲೆ ಡೆಸ್ಕ್‌ಟಾಪು, ಬ್ರೌಸರು, ಆಫೀಸು, ಅಪ್‌ಡೇಟ್ ಕೊಡುವ ವ್ಯವಸ್ಥೆ ಎಲ್ಲ ಸೇರಿಸಿ ಒಂದು ತಂಡ ಕಟ್ಟಿ ಕೊಡ್ತದಲ್ಲ, ಅದು ಡಿಸ್ಟ್ರಿಬ್ಯೂಶನ್, ಬಾಯಲ್ಲಿ ಡಿಸ್ಟ್ರೋ. ಮಾಟುಂಗದ ಹೋಟೆಲುಗಳಲ್ಲಿ ಅಕ್ಕಿ ಉದ್ದು ಎಲ್ಲ ಕಡೆ ಅದೇ, ಇಡ್ಲಿ ಮಾತ್ರ ಒಂದೊಂದು ಕಡೆ ಒಂದೊಂದು ಥರ, ಹಾಗೆ.

ಯಾವುದು ಒಳ್ಳೇದು ಅಂತ ಕೇಳಿದ್ರೆ ಹತ್ತು ಜನ ಹತ್ತು ಹೆಸರು ಹೇಳ್ತಾರೆ. ನಿಮ್ಮ ಮಷೀನಿನ ಮೇಲೆ, ನಿಮ್ಮ ಪ್ರಿಂಟರಿನ ಜೊತೆ, ನಿಮ್ಮ ಮನೆಯವರ ಕೈಯಲ್ಲಿ ಯಾವುದು ನಡೀತದೆ ಅಂತ ಕೇಳಿ, ಅದಕ್ಕೆ ಉತ್ತರ ಒಂದು ಪೆನ್‌ಡ್ರೈವಲ್ಲಿ, ಹಾರ್ಡ್‌ಡಿಸ್ಕ್ ಮುಟ್ಟದೆ, ಎರಡು ಮೂರು ಸಂಜೆಯಲ್ಲಿ ಸಿಗ್ತದೆ.

ಬೇಕಾದ ಸಾಮಾನು: 8 ಜಿಬಿಯ ಒಂದು ಪೆನ್‌ಡ್ರೈವ್ (ಅದರಲ್ಲಿದ್ದದ್ದೆಲ್ಲ ಅಳಿಸಿ ಹೋಗ್ತದೆ, ಮದುವೆ ಫೋಟೋ ಇದ್ದದ್ದನ್ನು ತಗೋಬೇಡಿ), ಕಡಿಮೆ ಅಂದ್ರೆ 3 ಜಿಬಿ ಡೌನ್‌ಲೋಡ್ ಮಾಡುವಷ್ಟು ನೆಟ್, ಬ್ಯಾಕಪ್ಪಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಫೋನಿನ ಯುಎಸ್‌ಬಿ ಕೇಬಲ್.

1. ಮೊದಲು ಕಾಗದದಲ್ಲಿ ಬರೀರಿ: ಈ ಕಂಪ್ಯೂಟರಲ್ಲಿ ಯಾರು ಎಂತ ಮಾಡ್ತಾರೆ

ಈ ಹಂತ ಯಾರೂ ಮಾಡೋದಿಲ್ಲ, ಆಮೇಲೆ ಅಳ್ತಾರೆ. ಬ್ರೌಸರು, ಯೂಟ್ಯೂಬು, ಮೇಲು, ನೆಟ್‌ಬ್ಯಾಂಕಿಂಗು, ಮಕ್ಕಳ ಆನ್‌ಲೈನ್ ಕ್ಲಾಸು, ವೀಡಿಯೋ ಕಾಲು, ಪತ್ರ ಬರೆಯೋದು, ಲೆಕ್ಕದ ಶೀಟು, ಇಷ್ಟೇ ಆದ್ರೆ ಲಿನಕ್ಸಲ್ಲಿ ಎಂತ ತೊಂದರೆಯೂ ಇಲ್ಲ. ವರ್ಡ್, ಎಕ್ಸೆಲ್ ಬದಲು ಲಿಬ್ರೆಆಫೀಸ್ ಬರ್ತದೆ, ಫೈಲು ತೆರೀತದೆ, ಆದ್ರೆ ತುಂಬ ಟೇಬಲ್ಲು ಬಾರ್ಡರು ಇರುವ ವರ್ಡ್ ಫೈಲಿನ ಸಾಲು ಆಚೀಚೆ ಆಗ್ಬಹುದು.

ಹುಷಾರಾಗಬೇಕಾದ ಕೆಲಸ ಕೆಲವು ಉಂಟು. ಹೋಟೆಲು ಲೆಕ್ಕ ಟ್ಯಾಲಿಯಲ್ಲಿ ಇಡುವವರು, ಟ್ಯಾಲಿ ವಿಂಡೋಸಿಗೇ ಮಾಡಿದ್ದು, ಅದನ್ನು ಲಿನಕ್ಸಲ್ಲಿ ಹೇಗಾದ್ರೂ ಓಡಿಸ್ತೇನೆ ಅಂತ ದಂಧೆಯ ಲೆಕ್ಕದ ಮೇಲೆ ಪ್ರಯೋಗ ಮಾಡ್ಬೇಡಿ. ಜಿಎಸ್‌ಟಿಗೆ ಡಿಜಿಟಲ್ ಸಿಗ್ನೇಚರಿನ ಯುಎಸ್‌ಬಿ ಟೋಕನ್ ಇದ್ರೆ ಆ ಟೋಕನಿಗೆ ಲಿನಕ್ಸ್ ಡ್ರೈವರ್ (ಆ ಸಾಮಾನನ್ನು ಸಿಸ್ಟಮಿಗೆ ಪರಿಚಯಿಸುವ ಸಣ್ಣ ಪ್ರೋಗ್ರಾಮು) ಕೊಡ್ತಾರಾ ಅಂತ ಮೊದಲು ಕೇಳಿ. ವ್ಯಾಲರಂಟ್ ಥರದ ಗೇಮು ಲಿನಕ್ಸಲ್ಲಿ ಓಡೋದಿಲ್ಲ, ಮನೆಯಲ್ಲಿ ಹುಡುಗರಿದ್ರೆ ಮೊದಲೇ ಹೇಳಿಬಿಡಿ. ಸಂಘದ ಸ್ಮರಣ ಸಂಚಿಕೆಯ ಪುಟ ಕಟ್ಟುವವರು, ಪೇಜ್‌ಮೇಕರ್ ಮತ್ತು ಪುಣೆಯವರ ಶ್ರೀಲಿಪಿ ಇಟ್ಟುಕೊಂಡು ಕೆಲಸ ಮಾಡುವವರು ನಮ್ಮಲ್ಲಿ ಈಗಲೂ ಇದ್ದಾರೆ, ಅವರು ಆ ಒಂದು ಮಷೀನನ್ನು ವಿಂಡೋಸಲ್ಲೇ ಬಿಡ್ಲಿ, ಬೇಕಾದ್ರೆ ನೆಟ್ ತೆಗೆದು.

2. ಮಷೀನಿನ ಜಾತಕ ನೋಡಿ

ವಿಂಡೋಸ್ ಸರ್ಚಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೀರಿ. ಅಲ್ಲಿ ಪ್ರೊಸೆಸರ್, ರ್‍ಯಾಮ್, ಬಯೋಸ್ ಮೋಡ್ ಯುಇಎಫ್‌ಐಯೋ ಲೆಗಸಿಯೋ ಅಂತ ಕಾಣ್ತದೆ (ಬಯೋಸ್ ಅಂದ್ರೆ ಸ್ವಿಚ್ ಹಾಕಿದ ಕೂಡಲೇ ಎದ್ದು ಮಷೀನನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮು, ಯುಇಎಫ್‌ಐ ಅದರ ಹೊಸ ತಲೆಮಾರು). ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಡಿಸ್ಕ್ ತಿರುಗದ ವೇಗದ ಎಸ್‌ಎಸ್‌ಡಿಯೋ ಹಳೇ ತಿರುಗುವ ಎಚ್‌ಡಿಡಿಯೋ ಅಂತಲೂ ಬರೆದಿರ್ತದೆ. ಎಲ್ಲದರ ಫೋಟೋ ಫೋನಲ್ಲಿ ತೆಗೆದಿಡಿ, ಯಾರ ಹತ್ತಿರ ಸಹಾಯ ಕೇಳಿದ್ರೂ ಮೊದಲು ಇದನ್ನೇ ಕೇಳ್ತಾರೆ.

ನನ್ನ ಲೆಕ್ಕ ಹೀಗೆ: 8 ಜಿಬಿ ರ್‍ಯಾಮ್ ಇದ್ರೆ ಯಾವ ಡಿಸ್ಟ್ರೋ ಬೇಕಾದ್ರೂ ಹಾಕಿ. 4 ಜಿಬಿ ಇದ್ರೆ ಹಗುರ ಡೆಸ್ಕ್‌ಟಾಪು. 2 ಜಿಬಿ ಆದ್ರೆ ಲಿನಕ್ಸ್ ಏಳ್ತದೆ, ಆದ್ರೆ ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆರೆದ್ರೆ ಉಸಿರು ಕಟ್ತದೆ, ಅದು ಡಿಸ್ಟ್ರೋದ ತಪ್ಪಲ್ಲ, ಈಗಿನ ವೆಬ್‌ಸೈಟುಗಳೇ ಅಷ್ಟು ಭಾರ. ಎಚ್‌ಡಿಡಿ ಇದ್ದವರಿಗೆ ಕೈಮುಗಿದು ಹೇಳ್ತೇನೆ, ಯಾವ ಲಿನಕ್ಸ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಒಂದು 256 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಗ್ರಾಂಟ್ ರೋಡ್ ಸ್ಟೇಷನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದು ಹೋದ್ರೆ ಕೂತಲ್ಲೇ ಹಾಕಿಕೊಡುವ ಅಂಗಡಿಗಳುಂಟು. ಅದರಿಂದ ಆಗುವ ವ್ಯತ್ಯಾಸ ಯಾವ ಸಾಫ್ಟ್‌ವೇರಿಂದಲೂ ಆಗೋದಿಲ್ಲ. ಇನ್ನೊಂದು ಲಾಭ, ಹಳೇ ಹಾರ್ಡ್‌ಡಿಸ್ಕ್ ವಿಂಡೋಸ್ ಸಮೇತ ಹಾಗೇ ಉಳೀತದೆ, ಮನಸ್ಸು ಬದಲಾದ್ರೆ ವಾಪಸ್ ಹಾಕಿದ್ರಾಯ್ತು.

3. ಡಿಸ್ಟ್ರೋ ಆಯ್ಕೆ: ಎರಡಕ್ಕಿಂತ ಹೆಚ್ಚು ಬೇಡ

ಮೊದಲ ಸಲದವರಿಗೆ ನನ್ನ ಉತ್ತರ ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಗಡೆ ಗಂಟೆ, ವಿಂಡೋಸ್ 7 ನೋಡಿ ಅಭ್ಯಾಸ ಆದ ಅಪ್ಪ ಅಮ್ಮನಿಗೂ ಕೂಡಲೇ ಕೈ ಹೊಂದ್ತದೆ. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಬರ್ತದೆ, ಇವು ಡೆಸ್ಕ್‌ಟಾಪ್ ಎನ್ವಿರಾನ್ಮೆಂಟ್, ಅಂದ್ರೆ ನಿಮಗೆ ಕಾಣುವ ಮುಖ, ಒಳಗೆ ಎಲ್ಲ ಒಂದೇ. 8 ಜಿಬಿಗೆ ಸಿನಮನ್, 4 ಜಿಬಿಗೆ ಎಕ್ಸ್‌ಎಫ್‌ಸಿಇ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಉಂಟು.

ಉಬುಂಟು ಹೆಸರು ಎಲ್ಲರೂ ಕೇಳಿದ್ದು, 2004ರಿಂದ ಉಂಟು. ಹಾಕುವುದಾದ್ರೆ ಎಲ್‌ಟಿಎಸ್ ಅಂತ ಬರೆದದ್ದನ್ನೇ ತಗೊಳ್ಳಿ, ಎರಡು ವರ್ಷಕ್ಕೊಮ್ಮೆ ಏಪ್ರಿಲಲ್ಲಿ ಬರುವಂಥದ್ದು, ಐದು ವರ್ಷ ಸಪೋರ್ಟ್ ಇರ್ತದೆ. ನಡುವೆ ಬರುವ ಬೇರೆ ಆವೃತ್ತಿಗಳಿಗೆ ಒಂಬತ್ತೇ ತಿಂಗಳು, ಹೊಸದು ಅಂತ ನಂಬರು ನೋಡಿ ಅದನ್ನು ತಗೊಂಡವರು ತುಂಬ ಜನ. ಇದರ ಗ್ನೋಮ್ ಡೆಸ್ಕ್‌ಟಾಪಿನ ರೀತಿಯೇ ಬೇರೆ, ಕೆಲವರಿಗೆ ತುಂಬ ಇಷ್ಟ ಆಗ್ತದೆ, 4 ಜಿಬಿಗೆ ಭಾರ. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸದಾಗ್ತದೆ, ತೀರ ಹೊಸ ಲ್ಯಾಪ್‌ಟಾಪ್ ಇದ್ದವರಿಗೆ ಒಳ್ಳೇದು. ಡೆಬಿಯನ್ 1993ರಿಂದ ಇರುವ ಗಟ್ಟಿ ಕುಳ, ಉಬುಂಟು ಹುಟ್ಟಿದ್ದೇ ಅದರಿಂದ, ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ನಮ್ಮ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಮಾಡಿದ ಬಾಸ್ ಲಿನಕ್ಸ್ ಅಂತಲೂ ಉಂಟು, ಡೆಬಿಯನ್ ಮೇಲೆ ಕಟ್ಟಿದ್ದು, ಸಿಡ್ಯಾಕಿನ ಮುಖ್ಯ ಕಚೇರಿ ಪುಣೆಯಲ್ಲಿರುವ ಕಾರಣ ಅಲ್ಲಿಯವರು ಇದನ್ನು ಕೇಳ್ತಾ ಇರ್ತಾರೆ. ಹಾಕಬಾರದು ಅಂತಲ್ಲ, ಆದ್ರೆ ಮನೆಯಲ್ಲಿ ಎಲ್ಲಾದ್ರೂ ಸಿಕ್ಕಿಬಿದ್ರೆ ಮಿಂಟು ಉಬುಂಟುಗೆ ಸಿಗುವಷ್ಟು ಸಹಾಯ ಹುಡುಕಿದ್ರೆ ಸಿಗೋದಿಲ್ಲ.

ಕಾಲೇಜು ಹುಡುಗರು ಕಾಲಿ ಲಿನಕ್ಸ್ ಹಾಕಿಕೊಡಿ ಅಂತಾರೆ. ಅದು ನೆಟ್‌ವರ್ಕಿನ ಸೆಕ್ಯುರಿಟಿ ಪರೀಕ್ಷೆ ಮಾಡುವವರ ಸಾಮಾನಿನ ಪೆಟ್ಟಿಗೆ, ಮನೆ ಕಂಪ್ಯೂಟರಿಗೆ ದಿನಬಳಕೆಗೆ ಮಾಡಿದ್ದಲ್ಲ. ಆರ್ಚ್ ಅನ್ನುವ ಡಿಸ್ಟ್ರೋ ಕೂಡ ಈಗ ಬೇಡ.

32 ಬಿಟ್ಟಿನ ತೀರ ಹಳೇ ಮಷೀನಿದ್ರೆ ದಾರಿ ಕಿರಿದಾಗ್ತಾ ಬಂದಿದೆ, ಮಿಂಟಿನ 22 ಸರಣಿ, ಉಬುಂಟು ಎರಡೂ 64 ಬಿಟ್ ಮಾತ್ರ, ಡೆಬಿಯನಲ್ಲೂ 32 ಬಿಟ್ ಇನ್‌ಸ್ಟಾಲರ್ 12ನೇ ಆವೃತ್ತಿಗೇ ಮುಗೀತು.

4. ಪೆನ್‌ಡ್ರೈವ್ ತಯಾರು ಮಾಡೋದು

ಡಿಸ್ಟ್ರೋದ ಅಧಿಕೃತ ಸೈಟಿಂದಲೇ ಐಎಸ್‌ಓ ಫೈಲ್ ಇಳಿಸಿ. ಐಎಸ್‌ಓ ಅಂದ್ರೆ ಇಡೀ ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲಾಗಿ ಮಡಚಿ ಇಟ್ಟದ್ದು. ಇಳಿಸಿದ ಮೇಲೆ ಚೆಕ್‌ಸಮ್ ನೋಡಿ, ಇದನ್ನು ಹಾರಿಸ್ಬೇಡಿ. ಫೈಲಿನ ಬೆರಳಚ್ಚು ಅಂದ್ಕೊಳ್ಳಿ, ಸೈಟಲ್ಲಿ ಎಸ್‌ಎಚ್‌ಎ256 ಅಂತ ಉದ್ದದ ಒಂದು ಸಾಲು ಕೊಟ್ಟಿರ್ತಾರೆ, ವಿಂಡೋಸಲ್ಲಿ 7-ಜಿಪ್ ಇದ್ರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಸಿಆರ್‌ಸಿ ಎಸ್‌ಎಚ್‌ಎ ಮೆನುವಲ್ಲಿ ನಿಮ್ಮ ಫೈಲಿನ ಸಾಲು ಬರ್ತದೆ, ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಳ್ಳೇ ಸೈಟಾದ್ರೆ ಇದು ಯಾಕೆ ಅಂತ ಕೇಳ್ಬೇಡಿ, 2016ರ ಫೆಬ್ರವರಿಯಲ್ಲಿ ಮಿಂಟಿನ ಸೈಟಿಗೇ ಕಳ್ಳರು ನುಗ್ಗಿ ಕೆಟ್ಟ ಐಎಸ್‌ಓದ ಲಿಂಕ್ ಹಾಕಿದ್ರು. ಮತ್ತೆ ನೆಟ್ ತುಂಡಾಗಿ ಫೈಲ್ ಅರ್ಧಂಬರ್ಧ ಇಳಿದಿದ್ರೂ ಇಲ್ಲಿಯೇ ಗೊತ್ತಾಗ್ತದೆ.

ಐಎಸ್‌ಓವನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದ್ರೆ ಬೂಟ್ ಆಗೋದಿಲ್ಲ, ಅಂದ್ರೆ ಮಷೀನು ಅದರಿಂದ ಏಳೋದಿಲ್ಲ, ರೂಫಸ್ ಅಥವಾ ಬಲೇನಾ ಎಚರ್ ಅನ್ನುವ ಟೂಲಿಂದ ಬರೆಸಬೇಕು. ಟೂಲಲ್ಲಿ ಡ್ರೈವ್ ಆರಿಸುವಾಗ ಬ್ಯಾಕಪ್ ಹಾರ್ಡ್‌ಡಿಸ್ಕನ್ನೂ ಅದೇ ಹೊತ್ತಿಗೆ ಚುಚ್ಚಿಟ್ಟಿರ್ಬೇಡಿ, ತಪ್ಪು ಡ್ರೈವ್ ಆರಿಸಿದ್ರೆ ಅದೂ ಹೋಯ್ತು. ಎರಡು ಡಿಸ್ಟ್ರೋ ನೋಡಬೇಕು ಅನ್ನುವವರು ವೆಂಟಾಯ್ ಹಾಕಿ, ಒಂದು ಸಲ ಪೆನ್‌ಡ್ರೈವ್ ತಯಾರು ಮಾಡಿದ್ರೆ ಆಮೇಲೆ ಐಎಸ್‌ಓಗಳನ್ನು ಮಾಮೂಲಿ ಫೈಲಿನ ಹಾಗೆ ಅದರೊಳಗೆ ಹಾಕಿದ್ರೆ ಸಾಕು.

5. ಪೆನ್‌ಡ್ರೈವಿಂದ ಎಬ್ಬಿಸೋದು

ಇದಕ್ಕೂ ಮೊದಲು ಒಂದು ಕೆಲಸ, ವಿಂಡೋಸಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಉಂಟಾ ನೋಡಿ. ಎನ್‌ಕ್ರಿಪ್ಶನ್ ಅಂದ್ರೆ ಡಿಸ್ಕಿಗೆ ಬೀಗ. ಆನ್ ಇದ್ರೆ ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಹೆಚ್ಚಾಗಿ ಇರ್ತದೆ, ಬರೆದಿಟ್ಟುಕೊಂಡೇ ಮುಂದೆ ಹೋಗಿ, ಯಾಕಂದ್ರೆ ಬಯೋಸಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಸಿಸ್ಟಮನ್ನು ಮಾತ್ರ ಏಳಲು ಬಿಡುವ ಕಾವಲು) ಬದಲಾಯಿಸಿದ್ರೆ ವಿಂಡೋಸ್ ಏಳುವಾಗ ಆ 48 ಅಂಕಿ ಕೇಳ್ಬಹುದು, ಇಲ್ಲದಿದ್ರೆ ಒಳಗಿನ ಫೈಲಿಗೆ ದಾರಿ ಇಲ್ಲ.

ಪೆನ್‌ಡ್ರೈವ್ ಚುಚ್ಚಿ ರೀಸ್ಟಾರ್ಟ್ ಮಾಡಿ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಆಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್, ಏಸರಿಗೂ ಎಫ್12 ಆದ್ರೆ ಅದನ್ನು ಬಯೋಸ್ ಒಳಗೆ ಹೋಗಿ ಮೊದಲು ಆನ್ ಮಾಡಬೇಕಾಗ್ತದೆ. ಕೀ ಸಿಕ್ಕದಿದ್ರೆ ವಿಂಡೋಸಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಯೂಸ್ ಎ ಡಿವೈಸ್ ಅಂತ ಬರ್ತದೆ. ಮಿಂಟು, ಉಬುಂಟು, ಫೆಡೋರಾ ಸೆಕ್ಯೂರ್ ಬೂಟ್ ಆನ್ ಇದ್ರೂ ಮಾಮೂಲಾಗಿ ಏಳ್ತವೆ, ಹಾಗಾಗಿ ಅದನ್ನು ಸುಮ್ಮಸುಮ್ಮನೆ ಆಫ್ ಮಾಡ್ಬೇಡಿ.

ಎದ್ದ ಮೇಲೆ ಕಾಣುವುದು ಲೈವ್ ಸೆಷನ್, ಅಂದ್ರೆ ಇಡೀ ಸಿಸ್ಟಮು ಪೆನ್‌ಡ್ರೈವಿಂದಲೇ ಓಡ್ತಾ ಇರುವುದು. ಡೆಸ್ಕ್‌ಟಾಪಲ್ಲಿ ಇನ್‌ಸ್ಟಾಲ್ ಅಂತ ಐಕಾನ್ ಇರ್ತದೆ, ಅದನ್ನು ಈಗ ಮುಟ್ಟಬಾರದು, ಮನೆಯವರಿಗೂ ಹೇಳಿಡಿ. ಪೆನ್‌ಡ್ರೈವ್ ನಿಧಾನ, ಲೈವಲ್ಲಿ ಸ್ವಲ್ಪ ತಡವರಿಸಿದ್ರೆ ಡಿಸ್ಟ್ರೋವೇ ಹಾಗೆ ಅಂತ ತೀರ್ಮಾನ ಮಾಡ್ಬೇಡಿ. ಬದಲಾಯಿಸಿದ್ದೆಲ್ಲ ರೀಸ್ಟಾರ್ಟ್ ಆದ ಕೂಡಲೇ ಮರೆತು ಹೋಗ್ತದೆ, ಅದು ಸರಿಯೇ.

6. ಲೈವಲ್ಲಿ ಪರೀಕ್ಷೆ, ಇದಕ್ಕೆ ಮೂರು ಸಂಜೆ ಕೊಡಿ

ವೈಫೈ ಮೊದಲು. ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರೇ ಕಾಣದಿದ್ರೆ ಹೆದರ್ಬೇಡಿ, ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ಚಿಪ್ಪಿಗೆ ಡ್ರೈವರ್ ಆಮೇಲೆ ಹಾಕಬೇಕಾಗ್ತದೆ. ಫೋನನ್ನು ಕೇಬಲಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬರ್ತದೆ, ಮೆನುವಲ್ಲಿ ಡ್ರೈವರ್ ಮ್ಯಾನೇಜರ್ ತೆರೆದ್ರೆ ಅದೇ ಹುಡುಕಿ ಹೇಳ್ತದೆ. ಆಮೇಲೆ ಯೂಟ್ಯೂಬ್ ಫುಲ್ ಸ್ಕ್ರೀನ್, ಸ್ಪೀಕರು, ಇಯರ್‌ಫೋನು, ಬ್ಲೂಟೂತು, ಬ್ರೈಟ್‌ನೆಸ್ ಕೀಗಳು, ಟಚ್‌ಪ್ಯಾಡು. ಊರಿಗೆ ಒಂದು ನಿಜವಾದ ವೀಡಿಯೋ ಕಾಲ್ ಮಾಡಿ, ಕ್ಯಾಮೆರಾ ಮೈಕು ಎರಡೂ ಅಲ್ಲೇ ಗೊತ್ತಾಗ್ತದೆ. ಲ್ಯಾಪ್‌ಟಾಪ್ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೀರಿ, ಸ್ಕ್ರೀನ್ ಕಪ್ಪಾಗಿಯೇ ಉಳಿದ್ರೆ ಬರೆದಿಟ್ಟುಕೊಳ್ಳಿ, ಹೆಚ್ಚಿನವರು ಇದನ್ನು ಇನ್‌ಸ್ಟಾಲ್ ಆದ ಮೇಲೆಯೇ ಕಂಡುಹಿಡಿಯೋದು.

ಪ್ರಿಂಟರು ಮನೆಯಲ್ಲಿದ್ರೆ ಖಂಡಿತ ಜೋಡಿಸಿ ಒಂದು ಪುಟ ತೆಗೀರಿ. ಎಚ್‌ಪಿಯ ತುಂಬ ಮಾಡೆಲುಗಳಿಗೆ ಎಚ್‌ಪಿಲಿಪ್ ಅನ್ನುವ ಡ್ರೈವರ್ ಸೆಟ್ ಇರುವ ಕಾರಣ ಸುಲಭ. ನಮ್ಮ ಕಡೆ ಸಣ್ಣ ಆಫೀಸುಗಳಲ್ಲಿ ತುಂಬ ಕಾಣುವ ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಅನ್ನುವ ತನ್ನದೇ ಭಾಷೆಯಲ್ಲಿ ಕೆಲಸ ಮಾಡುವಂಥದ್ದು, ಲಿನಕ್ಸಲ್ಲಿ ಅದನ್ನು ಎಬ್ಬಿಸ್ಲಿಕ್ಕೆ ತಾಳ್ಮೆ ಬೇಕು.

ಇನ್ನು ಕನ್ನಡ. ಇಲ್ಲಿ ಹೆಚ್ಚು ಹೊತ್ತು ನಿಲ್ತೇನೆ, ಯಾಕಂದ್ರೆ ಬೊಂಬಾಯಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರಿಗೆ ಕಂಪ್ಯೂಟರ್ ಬೇಕಾಗಿರುವುದೇ ಅರ್ಧ ಇದಕ್ಕೆ, ಮತ್ತೆ ಇದನ್ನು ಬೇರೆ ಯಾವ ಗೈಡೂ ಹೇಳೋದಿಲ್ಲ. ಅಕ್ಷರ ಕಾಣೋದರಲ್ಲಿ ಈಗ ತೊಂದರೆ ಇಲ್ಲ, ನೋಟೋ ಅಥವಾ ಲೋಹಿತ್ ಕನ್ನಡ ಫಾಂಟ್ ಇರ್ತದೆ, ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಗುಬ್ಬಿ, ನವಿಲು ಅನ್ನುವ ಫಾಂಟುಗಳೂ ಸಿಗ್ತವೆ. ರಾಷ್ಟ್ರ, ಕ್ಷೇತ್ರ, ಸೂರ್ಯ ಅಂತ ಬರೆದು ಒತ್ತಕ್ಷರ ಸರಿ ಕೂತಿದೆಯಾ ನೋಡಿ.

ಟೈಪ್ ಮಾಡ್ಲಿಕ್ಕೆ ಎರಡು ದಾರಿ ಉಂಟು, ಇಲ್ಲಿಯೇ ಎಲ್ಲರೂ ಗೊಂದಲ ಮಾಡಿಕೊಳ್ಳೋದು. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ಕನ್ನಡ ಅಂತಲೂ ಕಗಪ (ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು) ಅಂತಲೂ ಇರ್ತದೆ, ನುಡಿ ಬಳಸಿದವರು ಖುಷಿಯಲ್ಲಿ ಕಗಪ ಆರಿಸ್ತಾರೆ, ಆಮೇಲೆ ಸ್ವರ ಸರಿ ಬರ್ತಾ ಇಲ್ಲ ಅಂತಾರೆ. ಕಾರಣ ಏನಂದ್ರೆ ಆ ಪಟ್ಟಿಯ ಲೇಔಟಿಗೆ ಒಂದು ಕೀ ಒಂದು ಅಕ್ಷರ ಅಷ್ಟೇ ಗೊತ್ತು, ಹಿಂದೆ ವ್ಯಂಜನ ಬಂದಿದೆಯಾ ಇಲ್ಲವಾ ಅಂತ ನೋಡಿ ಸ್ವರವನ್ನು ಕಾಗುಣಿತ ಮಾಡುವ ಬುದ್ಧಿ ಅದಕ್ಕಿಲ್ಲ. ನುಡಿಯ ಹಾಗೇ ಬೇಕಾದ್ರೆ ಐಬಸ್ ಹಾಕಿ, ಇದು ಕೀಬೋರ್ಡಿಗೂ ಪರದೆಗೂ ನಡುವೆ ಕೂತು ಅಕ್ಷರ ಜೋಡಿಸುವ ಪ್ರೋಗ್ರಾಮು, ಅದರ ಜೊತೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿ ಕನ್ನಡದ ಕೆಜಿಪಿ (ಅದೇ ಕಗಪ) ಆರಿಸಿ, ಒಂದು ಸಲ ಲಾಗೌಟ್ ಆಗಿ ಬನ್ನಿ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಹೊಡೆದು ಬರೆಯುವವರಿಗೆ ಅಲ್ಲಿಯೇ ಐಟ್ರಾನ್ಸ್ ಉಂಟು, ಇನ್‌ಸ್ಕ್ರಿಪ್ಟೂ ಉಂಟು.

ಹಳೇ ನುಡಿ ಅಥವಾ ಬರಹದ ಫೈಲುಗಳು, ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮೊದಲಿನವು, ತೆರೆದಾಗ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣ್ತದೆ. ಫೈಲ್ ಹಾಳಾಗಿಲ್ಲ, ಆ ಫಾಂಟ್ ಇಲ್ಲ ಅಷ್ಟೇ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನೆಲ್ಲ ಯುನಿಕೋಡಿಗೆ ಪರಿವರ್ತನೆ ಮಾಡಿಟ್ಟುಕೊಳ್ಳಿ, ಮತ್ತೆ ಮಾಡ್ತೇನೆ ಅಂದ್ರೆ ಕಷ್ಟ.

7. ಇನ್‌ಸ್ಟಾಲ್

ಪರೀಕ್ಷೆ ಪಾಸಾದ್ರೆ ಮಾತ್ರ ಇಲ್ಲಿಗೆ ಬನ್ನಿ. ಬ್ಯಾಕಪ್ ತೆಗೆದು, ಆ ಹಾರ್ಡ್‌ಡಿಸ್ಕನ್ನು ಬೇರೆ ಒಂದು ಕಂಪ್ಯೂಟರಿಗೆ ಹಾಕಿ ಫೈಲ್ ನಿಜಕ್ಕೂ ತೆರೀತದಾ ಅಂತ ನೋಡಿ, ಆಮೇಲೆ ತೆಗೆದು ಕಪಾಟಲ್ಲಿಡಿ. ಇನ್‌ಸ್ಟಾಲರಲ್ಲಿ ಒಂದು ಪುಟ ಬರ್ತದೆ, ವಿಂಡೋಸಿನ ಪಕ್ಕದಲ್ಲಿ ಹಾಕೋದಾ, ಇಡೀ ಡಿಸ್ಕ್ ಅಳಿಸಿ ಹಾಕೋದಾ ಅಂತ. ಆ ಪುಟವನ್ನು ಎರಡು ಸಲ ಓದಿ. ನನ್ನ ಅಕ್ಕನ ಮನೆಯಲ್ಲಿ ಅಳಿಯ ಹುಡುಗ ಎರೇಸ್ ಡಿಸ್ಕ್ ಒತ್ತಿ ಆರು ವರ್ಷದ ಫೋಟೋ ಹೋಯ್ತು, ಅಕ್ಕ ಈಗಲೂ ಆ ಮಾತೆತ್ತಿದ್ರೆ ಸುಮ್ಮನಾಗ್ತಾಳೆ.

ಎರಡೂ ಬೇಕು ಅನ್ನುವವರು, ಅಂದ್ರೆ ಡ್ಯುಯಲ್ ಬೂಟ್, ಮೊದಲು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲೇ ಜಾಗ ಕಿರಿದು ಮಾಡಿ ಕನಿಷ್ಠ 50 ಜಿಬಿ ಖಾಲಿ ಬಿಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿರ್ತದೆ, ಲಿನಕ್ಸಿಂದ ಆ ಡ್ರೈವಿಗೆ ಬರೀಲಿಕ್ಕೆ ಬಿಡೋದಿಲ್ಲ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ರೆ ಬಯೋಸಲ್ಲಿ ಸಾಟಾ ಮೋಡ್ ಆರ್‌ಎಸ್‌ಟಿ ಅಥವಾ ರೇಡ್ ಅಂತ ಇರ್ತದೆ, ಎಎಚ್‌ಸಿಐ ಬೇಕು, ಆದ್ರೆ ವಿಂಡೋಸ್ ಉಳಿಸಿಕೊಳ್ಳುವವರು ಅದನ್ನು ನೇರವಾಗಿ ಬದಲಾಯಿಸಿದ್ರೆ ವಿಂಡೋಸ್ ಏಳದೆ ಹೋಗ್ಬಹುದು, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಾರ್ಜರ್ ಚುಚ್ಚಿಯೇ ಕೆಲಸ ಮಾಡಿ, ಮಳೆಗಾಲದಲ್ಲಿ ಕಲ್ಯಾಣ ಡೊಂಬಿವಲಿ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಇನ್‌ಸ್ಟಾಲ್ ಶುರು ಮಾಡುವ ಮೊದಲು ಆಕಾಶ ನೋಡಿ.

ಡ್ಯುಯಲ್ ಬೂಟಲ್ಲಿ ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದ್ರೆ ಬ್ಯಾಟರಿ ಹೋಯ್ತು ಅಂತ ಅಂಗಡಿಗೆ ಓಡ್ಬೇಡಿ. ಲಿನಕ್ಸ್ ಮಷೀನಿನ ಗಡಿಯಾರವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇಡ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದ್ತದೆ, ವ್ಯತ್ಯಾಸ ಸರಿಯಾಗಿ 5.30 ಗಂಟೆ. ಡೇಟ್ ಟೈಮ್ ಸೆಟ್ಟಿಂಗಲ್ಲಿ ಸಿಂಕ್ ಒತ್ತಿದ್ರೆ ಆ ಹೊತ್ತಿಗೆ ಸರಿಯಾಗ್ತದೆ.

8. ಮೊದಲ ವಾರ

ಅಪ್‌ಡೇಟ್ ಮ್ಯಾನೇಜರ್ ಪೂರ್ತಿ ಓಡಿಸಿ, ಎನ್‌ವಿಡಿಯಾ ಗ್ರಾಫಿಕ್ಸ್ ಇದ್ರೆ ಡ್ರೈವರ್ ಮ್ಯಾನೇಜರಿಂದ ಹಾಕಿ, ಟೈಮ್‌ಶಿಫ್ಟ್ ಆನ್ ಮಾಡಿ. ಟೈಮ್‌ಶಿಫ್ಟ್ ಸಿಸ್ಟಮಿನ ಫೋಟೋ ತೆಗೆದಿಟ್ಟ ಹಾಗೆ, ಏನಾದ್ರೂ ಕೆಟ್ಟರೆ ನಿನ್ನೆಗೆ ವಾಪಸ್ ಹೋಗ್ಬಹುದು, ಆದ್ರೆ ನಿಮ್ಮ ಫೋಟೋ ಪತ್ರಗಳ ಬ್ಯಾಕಪ್ ಅದಲ್ಲ. ಸಾಫ್ಟ್‌ವೇರನ್ನು ಗೂಗಲಲ್ಲಿ ಹುಡುಕಿ ಇಳಿಸುವ ಅಭ್ಯಾಸ ಬಿಡಿ, ಸಾಫ್ಟ್‌ವೇರ್ ಮ್ಯಾನೇಜರಲ್ಲಿ ಹೆಸರು ಹೊಡೆದು ಅಲ್ಲಿಂದಲೇ ಹಾಕಿ, ಫೋನಿನ ಪ್ಲೇಸ್ಟೋರಿನ ಹಾಗೆಯೇ. ಅರ್ಥ ಆಗದ ಕಮಾಂಡನ್ನು, ಅದರಲ್ಲೂ ಸುಡೋ ಅಂತ ಶುರುವಾಗುವಂಥದ್ದನ್ನು, ಎಲ್ಲಿಂದಲೋ ಕಾಪಿ ಮಾಡಿ ಟರ್ಮಿನಲ್ಲಿಗೆ (ಕಮಾಂಡ್ ಹೊಡೆಯುವ ಕಿಟಕಿ) ಅಂಟಿಸ್ಬೇಡಿ, ಸುಡೋ ಅಂದ್ರೆ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗೆ.

ಕಲೀಲಿಕ್ಕೆ ಪವಾಯಿಯ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಉಂಟು, ಲಿನಕ್ಸು, ಲಿಬ್ರೆಆಫೀಸು ಎಲ್ಲ ಸಣ್ಣ ಸಣ್ಣ ವೀಡಿಯೋದಲ್ಲಿ, ಕನ್ನಡದಲ್ಲಿಯೂ, ದುಡ್ಡು ಕೊಡ್ಬೇಕಾಗಿಲ್ಲ. ಅಮ್ಮನಿಗೆ ಅತ್ತೆಗೆ ತೋರಿಸ್ಲಿಕ್ಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಎಲ್ಲ ಆದ ಮೇಲೆ ಆ ಪೆನ್‌ಡ್ರೈವನ್ನು ಅಳಿಸಿ ಸಿನಿಮಾ ತುಂಬಿಸ್ಬೇಡಿ. ಅದರ ಮೇಲೆ ಡಿಸ್ಟ್ರೋದ ಹೆಸರು, ನಿಮ್ಮ ಮಷೀನಿನ ಬೂಟ್ ಮೆನು ಕೀ ಬರೆದ ಚೀಟಿ ಅಂಟಿಸಿ ಡ್ರಾಯರಲ್ಲಿಡಿ. ಮುಂದೆ ಯಾವತ್ತಾದ್ರೂ ಮಷೀನ್ ಏಳದಿದ್ರೆ ಅದೇ ಲೈವ್ ಸೆಷನಿಂದ ಒಳಗೆ ಹೋಗಿ ಫೈಲುಗಳನ್ನು ಹೊರಗೆ ತೆಗೀಬಹುದು.